ಭಯಕ್ಕೆ ಮುಚ್ಚುವ ಬೀಗ

ಆ ಊರಿಗೂ ಆಚೆಯೂರಿಗೂ ನಡುವೆ ನೆಲವಿರಲಿಲ್ಲ. ಹಿಂದೆ ಇತ್ತು, ಯಾವಾಗಲೋ ಕುಸಿಯಿತು ಎನ್ನುತ್ತಾರೆ. ಕಂಡವರು ಯಾರೂ ಉಳಿದಿಲ್ಲ. ಊರಿನ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಕೆಳಗೆ ಬರೀ ಮಂಜು. ಕಲ್ಲೆಸೆದರೆ ಸದ್ದು ಬರುವುದಿಲ್ಲ. ಆದ್ದರಿಂದ ಹೆಣ್ಣು ಕೊಡುವುದು, ಹೆಣ್ಣು ತರುವುದು, ಉಪ್ಪು, ಬೆಲ್ಲ, ಸಾವಿನ ಸುದ್ದಿ, ಬಾಣಂತಿಯ ಅಂಟಿನುಂಡೆ, ಎಲ್ಲವೂ ಗಾಳಿಯ ಮೇಲೆಯೇ ಹೋಗಬೇಕು, ಗಾಳಿಯ ಮೇಲೆಯೇ ಬರಬೇಕು. ಅದಕ್ಕೆಂದೇ ಊರ ತುದಿಯಲ್ಲಿ ಗಾಳಿಕಟ್ಟೆ ಇತ್ತು. ದಿನಕ್ಕೊಂದು ವಿಮಾನ ಮಂಜಿನಿಂದ ಮೇಲೆದ್ದು ಬರುತ್ತಿತ್ತು, ಜನರನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಗಾಳಿ ತಿರುಗುವ ಹೊತ್ತಿಗೆ ಮತ್ತೆ ಮಂಜಿನೊಳಕ್ಕೆ ಹೋಗುತ್ತಿತ್ತು.

ಗಾಳಿಕಟ್ಟೆಗೆ ತನ್ನದೇ ಕಾನೂನು. ಮಡಿಲಲ್ಲಿದ್ದದ್ದು, ಜೇಬಿನಲ್ಲಿದ್ದದ್ದು ಎಲ್ಲವನ್ನೂ ತಟ್ಟೆಗೆ ಸುರಿಯಬೇಕು. ಅಡಕತ್ತರಿ ಬಿಡುವುದಿಲ್ಲ. ಸೂಜಿ ಬಿಡುವುದಿಲ್ಲ. ಉಗುರು ಕತ್ತರಿಯನ್ನಂತೂ ಬೆಳಕಿಗೆ ಹಿಡಿದು, ಅದರ ಒಡೆಯನನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯ ಬುಟ್ಟಿಗೆ ಎಸೆಯುತ್ತಾರೆ. ತಂಬಿಗೆಯಲ್ಲಿ ನೀರಿದ್ದರೆ ಅಲ್ಲೇ ಕುಡಿದು ಮುಗಿಸಬೇಕು. ಆಮೇಲೆ ಕೈಯೆರಡೂ ಅಗಲಿಸಿ ನಿಲ್ಲಬೇಕು. ಒಬ್ಬ ಬಂದು ಮೈಸುತ್ತ ಒಂದು ಕೋಲಾಡಿಸಿ ಹೋಗುತ್ತಾನೆ. ಹೀಗೆ ಉಗುರು ಕತ್ತರಿಗೆ ದಾರಿ ಕೊಡದ ಗಾಳಿಕಟ್ಟೆ, ಕೋವಿಗೆ ಮಾತ್ರ ದಾರಿ ಕೊಡುತ್ತಿತ್ತು.

ಕೊಡುವುದಕ್ಕೂ ಕ್ರಮವಿತ್ತು. ಕೋವಿ ಇದೆ ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಬರಿದು ಮಾಡಿ ಮರದ ಪೆಟ್ಟಿಗೆಯಲ್ಲಿಡಬೇಕು. ಕೋವಿ ಒಂದು ಮಗ್ಗುಲಿಗೆ, ಗುಂಡು ಒಂದು ಮಗ್ಗುಲಿಗೆ, ನಡುವೆ ಹಲಗೆ. ಪೆಟ್ಟಿಗೆಗೆ ಕಟ್ಟೆಯ ಬೀಗ. ಬೀಗಕ್ಕೆ ಒಂದೇ ಕೀಲಿ. ಆ ಕೀಲಿ ಕೋವಿಯ ಒಡೆಯರ ಕೈಯಲ್ಲಿರಬಾರದು, ಅಧಿಕಾರಿಯ ಕೈಯಲ್ಲೂ ಇರಬಾರದು. ಒಡೆಯರು ಯಾರಿಗೆ ಹೆದರುತ್ತಾರೋ ಅವರ ಕೈಯಲ್ಲಿರಬೇಕು. ಅವರು ಕೀಲಿ ಹಿಡಿದು ಪಕ್ಕದಲ್ಲೇ ಕೂತು ಪ್ರಯಾಣ ಮಾಡಬೇಕು.

ಬೀಗಕ್ಕೆ ಮೋಸ ಮಾಡಲು ಆಗುತ್ತಿರಲಿಲ್ಲ. ಕೀಲಿ ಸರಿಯಾದ ಕೈಗೆ ಬಿದ್ದರೆ ತಾನೇ ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತು. ಬೇರೆ ಕೈಗೆ ಬಿದ್ದರೆ ಎಷ್ಟು ಒತ್ತಿದರೂ ಬಾಯಿ ಬಿಟ್ಟುಕೊಂಡೇ ಇರುತ್ತಿತ್ತು. ಆಚೆಯೂರಿನಲ್ಲಿ ಇಳಿದ ಮೇಲೆ ಅದೇ ಕೀಲಿಯಿಂದ ಅದನ್ನು ತೆರೆಯಬೇಕು. ಆದರೆ ಭಯಕ್ಕೆ ಮುಚ್ಚಿದ ಬೀಗ ಭಯ ಹೋದ ಮೇಲೆಯೇ ತೆರೆಯುವುದು. ಹೀಗೇಕೆ ಎಂದು ಕೇಳಿದವರಿಗೆ ಬೀಗದ ಅಧಿಕಾರಿ ಗೋಡೆಯ ಮೇಲಿನ ಹಲಗೆ ತೋರಿಸುತ್ತಿದ್ದ. ಹಲಗೆಯಲ್ಲಿ ಇದೇ ಬರೆದಿತ್ತು. ಏಕೆ ಎಂಬುದನ್ನು ಬರೆದಿರಲಿಲ್ಲ.

ಹಾಗಾಗಿ ಕಟ್ಟೆಯಲ್ಲಿ ಕೋವಿಯವರು ಯಾವಾಗಲೂ ಜೋಡಿಯಾಗಿಯೇ ಕಾಣುತ್ತಿದ್ದರು. ದಾಯಾದಿಗಳು ಒಬ್ಬರ ಬುತ್ತಿ ಒಬ್ಬರು ಹಿಡಿದುಕೊಂಡು ಬರುತ್ತಿದ್ದರು. ಭಾವನನ್ನು ಮೈದುನ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ. ದೊಡ್ಡ ಮೀಸೆಯ ಜಮೀನುದಾರನೊಬ್ಬ ತನ್ನ ವೈರಿಗಳನ್ನೆಲ್ಲ ಸಾಲಾಗಿ ತಂದು ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಕೀಲಿ ಕೊಟ್ಟು ನೋಡಿದ. ಕೊನೆಗೆ ಬೀಗ ಮುಚ್ಚಿದ್ದು ಅವನಿಗೆ ಛತ್ರಿ ಹಿಡಿಯುವ ಆಳಿನ ಕೈಯಲ್ಲಿ. ಜಮೀನುದಾರ ಅವತ್ತು ಪ್ರಯಾಣವನ್ನೇ ಬಿಟ್ಟು ಮನೆಗೆ ಹೋದ. ಆಳು ಛತ್ರಿ ಹಿಡಿದು ಹಿಂದೆಯೇ ಹೋದ.

ಇಂಥ ಗಾಳಿಕಟ್ಟೆಗೆ ಒಂದು ಬೆಳಗ್ಗೆ ಹೆಂಗಸೊಬ್ಬಳು ಒಂಟಿಯಾಗಿ ಕೋವಿ ಹೊತ್ತು ಬಂದಳು. ಊರಿನಲ್ಲಿ ಎಲ್ಲರೂ ಅವಳನ್ನು ಕೋವಿಯಮ್ಮ ಎನ್ನುತ್ತಿದ್ದರು. ತಲೆ ಅರ್ಧ ನರೆತಿತ್ತು, ನಡಿಗೆ ಗಟ್ಟಿಯಾಗಿತ್ತು. ಹೆಗಲಲ್ಲಿ ಕೋವಿ, ಸೊಂಟದ ಗಂಟಿನಲ್ಲಿ ಒಂದು ಹಿತ್ತಾಳೆಯ ಗುಂಡು, ಕೈಯಲ್ಲಿ ಅಂಟಿನುಂಡೆಯ ಡಬ್ಬಿ. ಆಚೆಯೂರಿನಲ್ಲಿ ಅವಳ ಒಬ್ಬಳೇ ಮಗಳು ಹೆತ್ತಿದ್ದಳು. ಗಂಡು ಕೂಸು ಎಂದು ಸುದ್ದಿ ಬಂದಿತ್ತು.

ಆ ಎರಡೂ ಊರುಗಳಲ್ಲಿ ಒಂದು ಪದ್ಧತಿ. ಕೂಸಿನ ಹೊಕ್ಕುಳ ಬಳ್ಳಿ ಒಣಗಿ ಬೀಳುವುದರೊಳಗೆ ತಾಯಿಯ ತಾಯಿ ತನ್ನ ಮನೆಯ ಕೋವಿ ತಂದು, ಹೊಸ್ತಿಲಲ್ಲಿ ನಿಂತು, ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಅದಕ್ಕೆ ಹುಟ್ಟಿನ ಗುಂಡು ಎನ್ನುತ್ತಾರೆ. ಆ ಸದ್ದಿಗೆ ಕೂಸು ಬೆಚ್ಚಬೇಕು, ಬೆಚ್ಚಿ ಅಳಬೇಕು. ಆಗ ಅದು ಹುಟ್ಟಿತು ಎಂದು ಲೆಕ್ಕ. ಗುಂಡು ಕೇಳದ ಕೂಸು ಉಸಿರಾಡುತ್ತದೆ, ಹಾಲು ಕುಡಿಯುತ್ತದೆ, ಬೆಳೆಯುತ್ತದೆ, ಆದರೆ ಹುಟ್ಟಿದ್ದಲ್ಲ. ಅಂಥವರಿಗೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಮನೆಯವರ ಹೆಸರು ಹೇಳುವಾಗ ಅವರ ಹೆಸರು ಬರುವುದಿಲ್ಲ. ಸತ್ತರೆ ಹೆಗಲು ಕೊಡುವವರಿರುವುದಿಲ್ಲ.

ಕೋವಿಯಮ್ಮನ ಕೋವಿ ತೀರ ಹಳೆಯದು. ಅದಕ್ಕೆ ಹೊಂದುವ ಗುಂಡು ಮಾಡುತ್ತಿದ್ದ ಕಮ್ಮಾರ ಯಾರಿಗೂ ಕಲಿಸದೆ ಸತ್ತಿದ್ದ. ಉಳಿದದ್ದು ಆ ಒಂದೇ ಗುಂಡು. ಅದನ್ನು ಅವಳು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಕ್ಕಿಡಬ್ಬದ ತಳದಲ್ಲಿಟ್ಟು ಎಷ್ಟೋ ವರ್ಷಗಳಿಂದ ಕಾಪಾಡಿಕೊಂಡು ಬಂದಿದ್ದಳು. ಹಬ್ಬಕ್ಕೊಮ್ಮೆ ತೆಗೆದು, ಒರೆಸಿ, ಮತ್ತೆ ಅಕ್ಕಿಯೊಳಗೆ ಹೂಳುತ್ತಿದ್ದಳು. ಗಂಡು ಕೂಸು ಎಂದು ಸುದ್ದಿ ಬಂದಾಗ ಅವಳು ಮೊದಲು ಓಡಿದ್ದು ಅಕ್ಕಿಡಬ್ಬದ ಹತ್ತಿರಕ್ಕೆ.

"ಕೋವಿ ಇದೆ," ಎಂದಳು ಅಧಿಕಾರಿಯ ಮುಂದೆ ನಿಂತು.

ಅಧಿಕಾರಿ ಕೋವಿಯನ್ನು ಬಗ್ಗಿಸಿ ನಳಿಗೆಗೆ ಕಣ್ಣಿಟ್ಟು ನೋಡಿದ. ಗುಂಡನ್ನು ಬೆರಳುಗಳ ನಡುವೆ ಹೊರಳಿಸಿದ. ಎರಡನ್ನೂ ಪೆಟ್ಟಿಗೆಯಲ್ಲಿ ಅದರದರ ಮಗ್ಗುಲಿಗೆ ಮಲಗಿಸಿದ.

"ಯಾರಿಗೆ ಹೆದರ್ತೀರಮ್ಮ?"

"ನಾನಾ? ಯಾರಿಗೂ ಇಲ್ಲ. ಇದು ಹುಟ್ಟಿನ ಗುಂಡಿಗೆ ಅಂತ ಇಟ್ಕೊಂಡಿರೋದು."

"ಕೋವಿ ತಂದವ್ರೆಲ್ಲ ಹಾಗೇ ಹೇಳ್ತಾರೆ. ಬೀಗ ಮುಚ್ಚಬೇಕಲ್ಲ."

"ಹೆದರಿಕೆ ಇಲ್ಲದವ್ರು ಏನ್ಮಾಡ್ಬೇಕು?"

ಅಧಿಕಾರಿ ಗೋಡೆಯ ಮೇಲಿನ ಹಲಗೆ ತೋರಿಸಿದ. ಅಷ್ಟರಲ್ಲಿ ಗಾಳಿ ತಿರುಗಿತು, ಅವತ್ತಿನ ವಿಮಾನ ಹೋಯಿತು.

ಕೋವಿಯಮ್ಮ ಮನೆಗೆ ಹೋಗಿ ಯೋಚಿಸಿದಳು. ಗೋಡೆಯಾಚೆ ಮನೆಯವನ ನೆನಪಾಯಿತು. ಅವನ ನುಗ್ಗೆಮರ ಇವಳ ಅಂಗಳಕ್ಕೆ ಬಾಗಿತ್ತು. ಮರದ ಹೂವು, ಎಲೆ, ಕಂಬಳಿಹುಳ ಎಲ್ಲವೂ ಇವಳ ಅಂಗಳಕ್ಕೆ, ಕಾಯಿ ಮಾತ್ರ ಅವನ ಅಡುಗೆಮನೆಗೆ. ಈ ವಿಚಾರವಾಗಿ ಅವರಿಬ್ಬರೂ ಬಾಯಿಗೆ ಬಂದದ್ದೆಲ್ಲ ಆಡಿಕೊಂಡಿದ್ದರು. ಕರೆದ ಕೂಡಲೇ ಅವನು ಮಡಿ ಅಂಗಿ ತೊಟ್ಟು, ಹಣೆಗೆ ಬೊಟ್ಟಿಟ್ಟು, ಮದುವೆಗೆ ಹೊರಟವನಂತೆ ಬಂದುಬಿಟ್ಟ. ಮಾರನೆಯ ದಿನ ಕಟ್ಟೆಯಲ್ಲಿ ಎದೆಯುಬ್ಬಿಸಿ ಕೀಲಿ ಹಿಡಿದ. ಬೀಗ ಬಾಯಿ ಬಿಟ್ಟುಕೊಂಡೇ ಇತ್ತು. ಅವನು ಒತ್ತಿದ, ಎರಡೂ ಕೈಯಲ್ಲಿ ಒತ್ತಿದ, ಮಂಡಿಯೂರಿ ಒತ್ತಿದ.

"ಹಾಗಾದ್ರೆ ಇಷ್ಟು ವರ್ಷ ನಾನು ಕೂಗಾಡಿದ್ದೆಲ್ಲ ಸುಮ್ನೇನಾ?" ಎಂದು ಕೇಳಿದ. ಅವನ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಕೋವಿಯಮ್ಮನಿಗೆ ಪಾಪ ಎನಿಸಿತು. ಅವತ್ತಿನ ವಿಮಾನವೂ ಹೋಯಿತು.

ಅಲ್ಲಿ ಕೂಸಿನ ಹೊಕ್ಕುಳ ಬಳ್ಳಿ ಒಣಗುತ್ತಿತ್ತು. ಈಚೆ ದಂಡೆಯಲ್ಲಿ ಕೂತ ಕೋವಿಯಮ್ಮನಿಗೆ ಅದು ಕಣ್ಣಿಗೆ ಕಟ್ಟಿದಂತಿತ್ತು. ಮೊದಲು ಹಸಿ, ಆಮೇಲೆ ಕಂದು, ಆಮೇಲೆ ಕಪ್ಪು.

ಕಟ್ಟೆಯ ಹೊರಗೆ ಒಂದು ತಗಡಿನ ಚಪ್ಪರವಿತ್ತು. ಅಲ್ಲಿ ಬಾಡಿಗೆ ವೈರಿಗಳು ಕೂತಿರುತ್ತಿದ್ದರು. ಭಯ ಸಾಲದೆ ಬಂದವರನ್ನು ಚೆನ್ನಾಗಿ ಹೆದರಿಸಿ, ಬೀಗ ಮುಚ್ಚಿಸಿ, ಜೊತೆಗೆ ಹೋಗಿ ಬರುವುದು ಅವರ ಕಸುಬು. "ವೈರಿ ಬೇಕಾ ವೈರಿ," ಎಂದು ಕೂಗುತ್ತಿದ್ದರು. ಒಬ್ಬ ಕಣ್ಣು ತಿರುಗಿಸುವುದರಲ್ಲಿ ಹೆಸರುವಾಸಿ. ಇನ್ನೊಬ್ಬ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ನಗುತ್ತಿದ್ದ. ಅವನಿಗೇ ಹೆಚ್ಚು ಗಿರಾಕಿ. ಕೋವಿಯಮ್ಮ ಹೋದಾಗ ಅವರೆಲ್ಲ ಕೆಲಸಕ್ಕೆ ಹೋಗಿ, ಒಬ್ಬ ಮಾತ್ರ ಉಳಿದಿದ್ದ. ಅವನು ಯಾವಾಗಲೂ ಉಳಿಯುವವನೇ. ಬಡಕಲು ಮೈ, ಅಗಲ ಕಿವಿ, ಮೆತ್ತನೆಯ ಮುಖ. ಅವನ ಕೈಯಲ್ಲಿ ಬೀಗ ಮುಚ್ಚಿ ಎಷ್ಟು ಕಾಲವಾಯಿತೋ ಅವನಿಗೇ ಮರೆತಿತ್ತು.

"ತಾಯೀ, ಹೊತ್ತಿಗೆ ಊಟ ಹಾಕಿದ್ರೆ ಸಾಕು," ಎಂದ.

"ಹೆದರಿಸು ನೋಡೋಣ."

ಅವನು ಎದ್ದು ನಿಂತ. ಪಂಚೆ ಬಿಗಿದುಕೊಂಡ. ಕಣ್ಣು ಕೆಂಪಗಾಗಲೆಂದು ಚೆನ್ನಾಗಿ ಉಜ್ಜಿಕೊಂಡ. "ನಿನ್ನ ಮನೆಗೆ ಬೆಂಕಿ ಇಡ್ತೀನಿ!" ಎಂದು ಅಬ್ಬರಿಸಿದ. ಆಮೇಲೆ ಸಣ್ಣ ದನಿಯಲ್ಲಿ, "ತಪ್ಪು ತಿಳ್ಕೋಬೇಡಿ ತಾಯೀ, ಕಸುಬು," ಎಂದ. ಹೊಗೆ ನುಂಗಿದವನಂತೆ ಕೆಮ್ಮು ಬಂತು. ಕೋವಿಯಮ್ಮ ಅವನ ಬೆನ್ನು ತಟ್ಟಿ ನೀರು ಕುಡಿಸಿದಳು.

ಬೇರೆ ಗತಿಯಿರಲಿಲ್ಲ. ಇಬ್ಬರೂ ಪೆಟ್ಟಿಗೆಯನ್ನು ನಡುವೆ ಇಟ್ಟುಕೊಂಡು ಕಟ್ಟೆಯ ಪಡಸಾಲೆಯಲ್ಲಿ ಕೂತರು. ಅವನ ಕೈಯಲ್ಲಿ ಕೀಲಿ. ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಬೀಗ. ಅವನು ಆಗಾಗ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಅವಳು ಆಗಾಗ ಒಂದು ಅಂಟಿನುಂಡೆ ಕೊಡುತ್ತಿದ್ದಳು. ಕಾಯುವವರ ಬಾಯಿ ಸುಮ್ಮನಿರುವುದಿಲ್ಲ. ಅವನು ತನಗೆ ನಾಯಿ ಕಂಡರೆ ಭಯ ಎಂದ. ಅವಳು ಕಮ್ಮಾರ ಸತ್ತದ್ದನ್ನು ಹೇಳಿದಳು, ಅಕ್ಕಿಡಬ್ಬದ ವಿಷಯ ಹೇಳಿದಳು, ಮಗಳನ್ನು ಬಾವಿ ಬೀದಿಗೆ ಕೊಟ್ಟದ್ದನ್ನು ಹೇಳಿದಳು, ಮಗಳು ಹುಟ್ಟುವ ಹೊತ್ತಿಗಾಗಲೇ ಗುಂಡು ಈ ಒಂದೇ ಉಳಿದಿತ್ತು ಎಂದಳು.

ಅವನು ಉಂಡೆ ಅಗಿಯುತ್ತ ಕೇಳಿದ: "ಅಲ್ಲ ತಾಯೀ, ಮಗಳು ಹುಟ್ಟೋ ಹೊತ್ತಿಗೆ ಒಂದೇ ಇತ್ತು ಅಂತೀರಿ. ಈಗಲೂ ಒಂದೇ ಇದೆ. ಹಾಗಾದ್ರೆ ಮಗಳಿಗೆ ಹಾರಿಸಿದ್ದು ಯಾವುದು?"

ಅವನ ಮುಖದಲ್ಲಿ ಕುಹಕವಿರಲಿಲ್ಲ. ಲೆಕ್ಕ ತಾಳೆಯಾಗದಿದ್ದರೆ ಮಕ್ಕಳು ಕೇಳುತ್ತಾರಲ್ಲ, ಹಾಗೆ ಕೇಳಿದ್ದ. ಕೋವಿಯಮ್ಮ ಡಬ್ಬಿಯ ಮುಚ್ಚಳ ಹಾಕಿದಳು. ಇಷ್ಟು ಕಾಲ ಯಾರೂ ಕೇಳಿರಲಿಲ್ಲ. ಕೇಳಿದವನು ನಾಳೆ ಯಾರೋ, ಎಲ್ಲೋ. ಇವನ ಮುಂದೆ ಹೇಳಿದರೆ ಗಾಳಿಗೆ ಹೇಳಿದಂತೆ.

"ಹಾರಿಸಲಿಲ್ಲಪ್ಪ," ಎಂದಳು.

ಆಮೇಲೆ ಎಲ್ಲವನ್ನೂ ಹೇಳಿದಳು. "ನಮ್ಮವ್ವ ಇದೇ ಕೋವಿ ತಂದು ಹೊಸ್ತಿಲಲ್ಲಿ ನಿಂತಿದ್ಲು. ಹೆಗಲಿಗೇರಿಸಿ ಆಗಿತ್ತು. ನಾನೇ ಒಳಗಿಂದ, ಬಾಣಂತಿ ಮಂಚದ ಮೇಲಿಂದ ಕೂಗ್ದೆ. ಅವ್ವಾ, ಬೇಡ. ಉಳಿದಿರೋದು ಒಂದು. ಮುಂದಿಂದು ಗಂಡಾಗ್ತದೆ, ಅದಕ್ಕಿರ್ಲಿ ಅಂದೆ. ನಮ್ಮವ್ವ ಕೋವಿ ಇಳಿಸಿಬಿಟ್ಲು. ಬೀದಿಲಿ ಜನ ಕಾಯ್ತಿದ್ರು. ಸೂಲಗಿತ್ತಿ ಬಚ್ಚಲಲ್ಲಿದ್ದ ತಾಮ್ರದ ಹಂಡೆ ಬೋರಲು ಹಾಕಿ ಒನಕೇಲಿ ಒಂದೇಟು ಕೊಟ್ಲು. ಢಣ್ ಅಂತು. ಹೊರಗಿದ್ದೋರು ಗುಂಡಾಯ್ತು ಅಂದ್ಕೊಂಡ್ರು. ಗಂಡು ಆಮೇಲೆ ಹುಟ್ಟಲೇ ಇಲ್ಲ."

"ಮಗಳಿಗೆ ಗೊತ್ತಾ?"

"ಅವಳಾ? ಚಿಕ್ಕೋಳಿದ್ದಾಗ ದಿನಾ ಕೇಳೋಳು. ಅವ್ವಾ, ನನ್ನ ಗುಂಡಿನ ಸದ್ದು ಹೇಗಿತ್ತು? ನಾನು ಹೇಳ್ತಿದ್ದೆ, ದೊಡ್ಡದು, ಗುಡ್ಡದ ಹಕ್ಕಿಗಳೆಲ್ಲ ಎದ್ದವು ಅಂತ. ಅದನ್ನ ಕೇಳದೆ ನಿದ್ದೆ ಮಾಡ್ತಿರಲಿಲ್ಲ. ನಮ್ಮವ್ವ ಹೋದ್ಲು, ಸೂಲಗಿತ್ತಿ ಹೋದ್ಲು. ಈಗ ಗೊತ್ತಿರೋದು ನನಗೊಬ್ಬಳಿಗೇ."

"ಅಯ್ಯೋ ತಾಯೀ," ಎಂದು ಬಾಡಿಗೆ ವೈರಿ ಲೊಚಗುಟ್ಟಿದ. ಅವನ ಕಣ್ಣು ತುಂಬಿತ್ತು. ಆಮೇಲೆ, ಸಮಾಧಾನದ ಮಾತು ಹುಡುಕುತ್ತಿದ್ದವನ ಹಾಗೆ, "ನಿಮ್ಮ ಮಗಳನ್ನ ಕೊಟ್ಟಿರೋದು ಆಚೆಯೂರಿನ ಬಾವಿ ಬೀದಿಗೆ ಅಂದ್ರಲ್ಲ? ನನ್ನ ಹೆಂಡ್ತಿ ತವರೂ ಅದೇ ಬೀದಿ," ಎಂದ.

ಟಕ್.

ಇಬ್ಬರೂ ಪೆಟ್ಟಿಗೆಯ ಕಡೆ ನೋಡಿದರು. ಬೀಗ ಮುಚ್ಚಿತ್ತು. ಯಾರೂ ಒತ್ತಿರಲಿಲ್ಲ.

ಬಾಡಿಗೆ ವೈರಿಗೆ ಮೊದಲು ಹಿಡಿಸಲಾರದಷ್ಟು ಸಂತೋಷವಾಯಿತು. "ಮುಚ್ತು! ನನ್ನ ಕೈಲಿ ಮುಚ್ತು!" ಎಂದು ಕೀಲಿಯನ್ನು ಎತ್ತಿ ಪಡಸಾಲೆಗೆಲ್ಲ ತೋರಿಸಿದ. ಆಮೇಲೆ ಕೋವಿಯಮ್ಮನ ಮುಖ ನೋಡಿದ. ಅದು ಸುಣ್ಣದ ಹಾಗಿತ್ತು. ಅವನು ಮೆಲ್ಲಗೆ ಕೈ ಇಳಿಸಿದ. ಅಧಿಕಾರಿ ಬಂದು ಬೀಗ ಜಗ್ಗಿ ನೋಡಿ, ಇಬ್ಬರನ್ನೂ ಒಳಕ್ಕೆ ಬಿಟ್ಟ.

ವಿಮಾನ ಮಂಜಿನ ಮೇಲೆ ಹೋಗುತ್ತಿತ್ತು. ಕೆಳಗೆ ಬಿಳಿ, ಮೇಲೆ ಬಿಳಿ. ಕೋವಿಯಮ್ಮ ಕಿಟಕಿಯ ಕಡೆ, ಬಾಡಿಗೆ ವೈರಿ ಅವಳ ಪಕ್ಕ, ಪೆಟ್ಟಿಗೆ ಎಲ್ಲೋ ವಿಮಾನದ ಹೊಟ್ಟೆಯೊಳಗೆ. ಅವಳು ಅಂಟಿನುಂಡೆಯ ಡಬ್ಬಿಯನ್ನೇ ಅವನ ತೊಡೆಯ ಮೇಲಿಟ್ಟಳು. ಅವನು ತಿನ್ನಲಿಲ್ಲ.

"ಹೇಳಬೇಡ," ಎಂದಳು.

"ನಾನ್ಯಾಕೆ ಹೇಳ್ಲಿ ತಾಯೀ."

"ನಿನ್ನ ಹೆಂಡ್ತಿಗೂ ಹೇಳಬೇಡ."

ಇದಕ್ಕೆ ಅವನು ತಡವರಿಸಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಹೆಂಡತಿ ಕೇಳಿದರೆ ಬಾಯಿಬಿಟ್ಟುಬಿಡುವವನು ಎಂಬುದು ಅವನ ಕಿವಿಯ ತುದಿ ನೋಡಿದರೇ ತಿಳಿಯುತ್ತಿತ್ತು. ಕೋವಿಯಮ್ಮ ಅವನನ್ನು ಪಕ್ಕದಿಂದ ನೋಡಿದಳು. ಬಡಕಲು ಕತ್ತು, ಅದರಲ್ಲಿ ಮೇಲೆ ಕೆಳಗೆ ಆಡುವ ಗಂಟಲುಮಣಿ. ಈ ಒಂದು ಕತ್ತು ಇಲ್ಲದಿದ್ದರೆ ತನ್ನ ಗುಟ್ಟು ಮತ್ತೆ ತನ್ನೊಬ್ಬಳದೇ ಆಗುತ್ತದೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ, ಸ್ವಲ್ಪ ಹೊತ್ತು ಪಕ್ಕದಲ್ಲೇ ಕೂತಿತು. ಜನ ಕೋವಿ ಯಾಕಿಟ್ಟುಕೊಳ್ಳುತ್ತಾರೆ ಎಂಬುದು ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಅರ್ಥವಾಯಿತು. ತನ್ನ ಬಗ್ಗೆಯೇ ಹೇಸಿಗೆಯಾಗಿ ಅವಳು ಕಿಟಕಿಯ ಕಡೆ ತಿರುಗಿದಳು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ.

ಆಚೆಯೂರಿನ ಗಾಳಿಕಟ್ಟೆಯ ಪಡಸಾಲೆ ಈಚೆ ಊರಿನದಕ್ಕಿಂತ ದೊಡ್ಡದು. ದೊಡ್ಡದಾಗಿರಲೇಬೇಕಿತ್ತು. ಗೋಡೆಯ ಉದ್ದಕ್ಕೂ ಸೂರಿನವರೆಗೂ ಪೆಟ್ಟಿಗೆಗಳು, ಎಲ್ಲಕ್ಕೂ ಮುಚ್ಚಿದ ಬೀಗಗಳು. ಬಂದಿಳಿದು ತೆರೆಯಲಾಗದೆ ಬಿಟ್ಟುಹೋದವರ ಕೋವಿಗಳು ಅವು. ಕೆಲವು ಪೆಟ್ಟಿಗೆಗಳಿಗೆ ಗೆದ್ದಲು ಹತ್ತಿತ್ತು. ಇನ್ನೂ ಆಸೆ ಬಿಡದ ಜೋಡಿಗಳು ಅಲ್ಲಲ್ಲಿ ಪೆಟ್ಟಿಗೆಯ ಎರಡೂ ಬದಿಗೆ ಕೂತಿದ್ದವು. ಇಬ್ಬರು ದಾಯಾದಿಗಳು ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು, ಆದರೆ ಉಣ್ಣುವಾಗಲೂ ಒಬ್ಬರ ಕೈ ಒಬ್ಬರು ನೋಡುತ್ತಿದ್ದರು. ಅವರ ಬೀಗ ತೆರೆದಿರಲಿಲ್ಲ.

ಬಾಡಿಗೆ ವೈರಿ ಕೀಲಿ ಹಾಕಿ ತಿರುಗಿಸಿದ. ಆಗಲಿಲ್ಲ.

"ನನ್ನ ಮಕ್ಕಳಾಣೆ ಹೇಳಲ್ಲ ತಾಯೀ. ನನಗೆ ಹೆದರಬೇಡಿ."

"ಹೆದರಲ್ಲ," ಎಂದಳು ಕೋವಿಯಮ್ಮ. ಅವನು ಮತ್ತೆ ತಿರುಗಿಸಿದ. ಆಗಲಿಲ್ಲ. ಆಣೆಗೆ ಬೀಗ ಬಗ್ಗುವುದಿಲ್ಲ.

ಆ ಊರಿನ ಕಟ್ಟೆಗೆ ಅಧಿಕಾರಿಣಿ ಇದ್ದಳು. ಆಕಳಿಸುತ್ತ ಬಂದು, "ಪೆಟ್ಟಿಗೆ ಇಲ್ಲೇ ಇರ್ಲಿ ಅಜ್ಜಿ. ಮುಚ್ಚಿರೋ ಪೆಟ್ಟಿಗೆ ಹೊರಗೆ ಬಿಡೋ ಹಾಗಿಲ್ಲ. ನೀವು ಹೋಗಿ ಮೊಮ್ಮಗನ ಮುಖ ನೋಡಿ," ಎಂದಳು. ಕೋವಿಯಮ್ಮ ಅಲ್ಲಾಡಲಿಲ್ಲ. ಬರಿಗೈಯಲ್ಲಿ ಹೋಗಿ ಏನು ಮಾಡುವುದು, ಮತ್ತೊಂದು ಹಂಡೆ ಹುಡುಕುವುದೇ?

ಅಜ್ಜಿ ಬಂದು ಕಟ್ಟೆಯಲ್ಲೇ ಕೂತಿದ್ದಾಳೆ ಎಂಬ ಸುದ್ದಿ ಬಾವಿ ಬೀದಿಗೆ ಹೋಯಿತು. ಕಾದು ಕಾದು ಸಾಕಾಗಿದ್ದ ಮಗಳು ತಾನೇ ಬಂದುಬಿಟ್ಟಳು. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ಮನೆಯವರು ಬಾಗಿಲಿಗೆ ಅಡ್ಡ ನಿಂತರಂತೆ. "ದಾರಿ ಬಿಡಿ," ಎಂದಳಂತೆ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಮೈತುಂಬ ಕಂಬಳಿ ಹೊದ್ದು, ಥಂಡಿ ಹೋಗಬಾರದೆಂದು ಎರಡೂ ಕಿವಿಗೆ ಹತ್ತಿ ಗಿಡಿದುಕೊಂಡು, ಎದೆಗೆ ಕೂಸನ್ನು ಅವುಚಿಕೊಂಡು ಬಂದಳು.

"ಅವ್ವಾ, ಇನ್ನೂ ಇಲ್ಲೇ ಇದೀಯಲ್ಲ! ಇವನ ಹೊಕ್ಕುಳು ಒಂದು ಎಳೆ ಮೇಲೆ ನಿಂತಿದೆ," ಎಂದು ಕೂಸಿನ ಬಟ್ಟೆ ಸರಿಸಿ ತೋರಿಸಿದಳು. ಕಪ್ಪಗೆ ಒಣಗಿದ ಬಳ್ಳಿ, ಮುಟ್ಟಿದರೆ ಬೀಳುವಂತಿತ್ತು.

ಕೋವಿಯಮ್ಮ ಬಳ್ಳಿಯನ್ನು ನೋಡಿದಳು. ಬೀಗವನ್ನು ನೋಡಿದಳು. ಕೀಲಿ ಹಿಡಿದು ಗುಬ್ಬಚ್ಚಿಯಂತೆ ಕೂತಿದ್ದ ಮನುಷ್ಯನನ್ನು ನೋಡಿದಳು. ತಾನು ಹೆದರುತ್ತಿರುವುದು ಅವನಿಗಲ್ಲ, ಅವನ ಬಾಯಿಂದ ಈ ಮಗಳು ಕೇಳಬಹುದಾದ ಮಾತಿಗೆ ಎಂಬುದು ಅವಳಿಗೆ ಗೊತ್ತಿತ್ತು. ವಿಮಾನದಲ್ಲೇ ಗೊತ್ತಾಗಿತ್ತು.

"ನಿನಗೆ ಗುಂಡು ಹಾರಿಸಲಿಲ್ಲ ಮಗಳೇ," ಎಂದು ಪಿಸುಗುಟ್ಟಿದಳು.

"ಏನವ್ವಾ?"

"ನಿನ್ನ ಹುಟ್ಟಿಗೆ ಗುಂಡು ಹಾರಿಸಲಿಲ್ಲ."

"ಕೇಳ್ಸಲ್ಲವ್ವಾ, ಕಿವೀಲಿ ಹತ್ತಿ. ಗಟ್ಟಿಯಾಗಿ ಹೇಳು."

ಜೀವಮಾನವೆಲ್ಲ ಪಿಸುಮಾತಿನಲ್ಲೂ ಆಡದ ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿ ಬಂತು. ಕೋವಿಯಮ್ಮ ಎದ್ದು ನಿಂತಳು. "ನಿನಗೆ ಹುಟ್ಟಿನ ಗುಂಡು ಆಗಿಲ್ಲ!" ಎಂದು ಕೂಗಿದಳು. "ನಾನೇ ಬೇಡ ಅಂದೆ! ನೀನು ಹೆಣ್ಣು ಅಂತ ಬೇಡ ಅಂದೆ! ಹಂಡೆ ಬಡಿಸಿದೆ! ಇಷ್ಟು ದಿನ ಸುಳ್ಳು ಹೇಳ್ದೆ! ಈಗ ತಂದಿರೋ ಗುಂಡು ನಿನ್ನದು!"

ಪಡಸಾಲೆಯಲ್ಲಿ ಉಣ್ಣುತ್ತಿದ್ದವರ ಕೈ ತಟ್ಟೆಯಲ್ಲೇ ನಿಂತಿತು. ಆಕಳಿಸುತ್ತಿದ್ದ ಅಧಿಕಾರಿಣಿ ಬಾಯಿ ಮುಚ್ಚಿದಳು. ಮಗಳ ಹಿಂದೆಯೇ ಬಂದ ಬಾವಿ ಬೀದಿಯ ನಾಲ್ವರು ಹೆಂಗಸರು ಬಾಗಿಲಲ್ಲಿದ್ದರು, ಅವರೂ ಕೇಳಿದರು. ಇನ್ನು ಯಾರೂ ಯಾರಿಗೂ ಹೇಳಲು ಏನೂ ಉಳಿದಿರಲಿಲ್ಲ.

ಟಕ್.

ಬಾಡಿಗೆ ವೈರಿ ಕೀಲಿ ತಿರುಗಿಸಿರಲಿಲ್ಲ. ಅವನು ಬೀಗವನ್ನು ಮೆಲ್ಲಗೆ ಬಿಡಿಸಿ, ಕೀಲಿಯನ್ನೂ ಬೀಗವನ್ನೂ ಅಧಿಕಾರಿಣಿಯ ಮುಂದಿಟ್ಟು, ಕೈ ಒರೆಸಿಕೊಂಡ.

ಮಗಳು ತಾಯಿಯ ಬಾಯಿಗೆ ಕಿವಿ ತಾಗುವಷ್ಟು ಹತ್ತಿರ ಬಂದಳು.

"ಗುಡ್ಡದ ಹಕ್ಕಿಗಳೆಲ್ಲ ಎದ್ದವು ಅಂತಿದ್ದೆ," ಎಂದಳು.

"ಏಳಲಿಲ್ಲ ಕಣೇ. ಹಿತ್ತಲಲ್ಲಿದ್ದ ಕೋಳೀನೂ ಏಳಲಿಲ್ಲ."

ಮಗಳು ಪೆಟ್ಟಿಗೆಯ ಮುಂದೆ ಕೂತು ಗುಂಡನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ಅದರ ಸಂದಿಯಲ್ಲಿ ಇನ್ನೂ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅದನ್ನು ಉಗುರಿನಿಂದ ಬಿಡಿಸಿದಳು. ಎದ್ದು ಗುಂಡನ್ನು ತಾಯಿಯ ಕೈಗೆ ಕೊಟ್ಟಳು.

"ಹಾರಿಸು," ಎಂದಳು.

"ಯಾರಿಗೆ?" ಎಂದಳು ಕೋವಿಯಮ್ಮ. "ಇವನ ಹೊಕ್ಕುಳು ಇನ್ನೇನು..."

"ನನಗೆ. ಹುಟ್ಟದೇ ಇರೋಳು ಹೇಗವ್ವಾ ಹೆರೋದು? ಮೊದಲು ನಾನು ಹುಟ್ತೀನಿ."

ಅವಳು ಎರಡೂ ಕಿವಿಯಿಂದ ಹತ್ತಿ ತೆಗೆದಳು. ಅದನ್ನೇ ಚಿಕ್ಕದಾಗಿ ಹೊಸೆದು ಕೂಸಿನ ಕಿವಿಗಳಿಗೆ ಮೆತ್ತಗೆ ಇಟ್ಟಳು. ಮೇಲೆ ಕಂಬಳಿ ಸುತ್ತಿ, ಕೂಸನ್ನು ಬಾಡಿಗೆ ವೈರಿಯ ಕೈಗೆ ಕೊಟ್ಟಳು. ಅವನು ದೂರದ ಮೂಲೆಗೆ ಹೋಗಿ ಬೆನ್ನು ತಿರುಗಿಸಿ, ತನ್ನ ಅಗಲ ಅಂಗೈಗಳಿಂದ ಕೂಸಿನ ಕಿವಿ ಮುಚ್ಚಿ ನಿಂತ. ಅದು ತುಟಿ ಚೀಪುತ್ತ ಮಲಗಿತ್ತು.

ಕೋವಿಯಮ್ಮ ಪಡಸಾಲೆಯ ಹೊಸ್ತಿಲಲ್ಲಿ ನಿಂತಳು. ಗುಂಡು ತುಂಬಿದಳು. ಇಷ್ಟು ಹಳೆಯ ಗುಂಡು ಸಿಡಿಯುತ್ತದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ತನ್ನ ತಾಯಿ ನಿಂತ ಹಾಗೆ ನಿಂತಳು, ಎತ್ತಿದ ಹಾಗೆ ಎತ್ತಿದಳು, ಈ ಸಲ ಒಳಗಿನಿಂದ ಬೇಡ ಎನ್ನುವವರು ಯಾರೂ ಇರಲಿಲ್ಲ.

ಸದ್ದಾಯಿತು. ಕಟ್ಟೆಯ ಸೂರಿನಲ್ಲಿದ್ದ ಪಾರಿವಾಳಗಳೆಲ್ಲ ಎದ್ದವು.

ಮಗಳು ಬೆಚ್ಚಿದಳು. ಬೆಚ್ಚಿ ಅತ್ತಳು. ಅಷ್ಟು ದೊಡ್ಡ ಹೆಂಗಸು, ಒಂದು ಕೂಸಿನ ತಾಯಿ, ಹೊಸ್ತಿಲ ಪಕ್ಕ ಕೂತು ಬಾಯಿ ತೆರೆದು ಎಳೆಗೂಸಿನ ಹಾಗೆ ಅತ್ತಳು. ಕೋವಿಯಮ್ಮ ಕೋವಿಯನ್ನು ನೆಲಕ್ಕೆ ಹಾಕಿ, ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಪದ್ಧತಿ ತಿಳಿದ ಬಾವಿ ಬೀದಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ವಲ್ಪ ತಡವಾಗಿ, "ಹುಟ್ಟಿತು" ಎಂದರು.

"ಇವನಿಗೆ?" ಎಂದ ಬಾಡಿಗೆ ವೈರಿ, ಕೂಸನ್ನು ಎತ್ತಿಕೊಂಡು ಬಂದು.

ಮಗಳು ಸೆರಗಿನಿಂದ ಮೂಗು ಒರೆಸಿದಳು. "ಇವನಿಗೆ ಹಂಡೆ ಸಾಕು," ಎಂದಳು. "ಹಂಡೆ ಸದ್ದಿಗೆ ಬೆಳೆದ ನಾನೇನು ಕೆಟ್ಟುಹೋದೆನಾ?"

ಕಟ್ಟೆಯ ಬಾಗಿಲಲ್ಲಿ ಕಾಫಿ ಮಾರುವವನ ಹತ್ತಿರ ನೀರು ಕಾಯಿಸುವ ಹಂಡೆ ಇತ್ತು. ನೀರು ಚೆಲ್ಲಿ, ಮಸಿ ಹಿಡಿದ ಅದನ್ನು ಹೊಸ್ತಿಲ ಹತ್ತಿರ ಬೋರಲು ಹಾಕಿದರು. ಮಗಳು ಕೂಸಿನ ಕಿವಿಯ ಹತ್ತಿ ತೆಗೆದಳು. ಯಾರು ಬಡಿಯುವುದು ಎಂದಾಗ ಬಾಡಿಗೆ ವೈರಿ ತಾನೇ ಮುಂದೆ ಬಂದು, ಒಂದು ಸೌದೆ ಎತ್ತಿಕೊಂಡು, ಇದ್ದ ಬಲವೆಲ್ಲ ಕೂಡಿಸಿ ಒಂದೇಟು ಹಾಕಿದ. ಕೂಸು ಬೆಚ್ಚಿ, ಕೈಕಾಲು ಚಾಚಿ, ಕೆಂಪಗಾಗಿ ಕಿರುಚಿತು. ಆ ಕಿರುಚಾಟದಲ್ಲೇ ಹೊಕ್ಕುಳ ಬಳ್ಳಿ ಕಳಚಿ ಬಿತ್ತು. ಬಾಡಿಗೆ ವೈರಿ ಸೌದೆಯನ್ನು ಕೆಳಗೆ ಹಾಕಿ, "ತಪ್ಪು ತಿಳ್ಕೋಬೇಡ ಮಗಾ," ಎಂದ.

ಸಂಜೆಯಾಗುತ್ತಿತ್ತು. ಬರಿದಾದ ಕೋವಿಯನ್ನು ಕೋವಿಯಮ್ಮ ಪೆಟ್ಟಿಗೆಗಳ ರಾಶಿಗೆ ಆನಿಸಿಟ್ಟು ಬಂದಳು. ಅಧಿಕಾರಿಣಿ ಬೇಡ ಎನ್ನಲಿಲ್ಲ. ತಾಯಿ, ಮಗಳು, ಮಗಳ ಹೆಗಲಲ್ಲಿ ಕೂಸು, ಮೂವರೂ ಬಾವಿ ಬೀದಿಯ ಕಡೆ ನಡೆದರು.

"ಅವ್ವಾ," ಎಂದಳು ಮಗಳು. "ನೀನು ಹೇಳ್ತಿದ್ದಷ್ಟು ದೊಡ್ಡ ಸದ್ದೇನಲ್ಲ."

ಕೋವಿಯಮ್ಮ ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು.

"ಹಳೇ ಗುಂಡು ಮಗಳೇ," ಎಂದಳು. "ಆಗಲೇ ಹಾರಿಸಿದ್ರೆ ಅಷ್ಟೇ ದೊಡ್ಡದಾಗ್ತಿತ್ತು."